ಕಾಸ್ಟ್‌ಕೋದಲ್ಲಿ ನಮ್ಮ ಅಡುಗೆಮನೆಗೆ ಏನು ತರಬೇಕು, ಏನು ಬಿಡಬೇಕು

ಅಮೆರಿಕಕ್ಕೆ ಬಂದ ಮೊದಲ ತಿಂಗಳು. ಮನೆಯಲ್ಲಿ ನಾವಿಬ್ಬರೇ. ಎಲ್ಲವನ್ನೂ ದೊಡ್ಡ ದೊಡ್ಡ ಪ್ಯಾಕಿನಲ್ಲೇ ಮಾರುವ ಕಾಸ್ಟ್‌ಕೋ ಅನ್ನುವ ಸಗಟು ಅಂಗಡಿಗೆ ಮೊದಲ ಸಲ ಹೋಗಿ ಬಂದಾಗ ಕಾರಿನ ಡಿಕ್ಕಿಯಲ್ಲಿ 2 ಗ್ಯಾಲನ್ (ಏಳೂವರೆ ಲೀಟರ್) ಹಾಲು, ದೊಡ್ಡ ಡಬ್ಬಿ ಪಾಲಕ್, 6 ದಪ್ಪ ಮೆಣಸಿನಕಾಯಿ, 2 ದೊಡ್ಡ ಬ್ರೆಡ್ಡು, ಒಂದು ತಟ್ಟೆ ಮಫಿನ್ ಇದ್ದವು. ವಿಡಿಯೊ ಕಾಲಿನಲ್ಲಿ ಅದನ್ನೆಲ್ಲ ನೋಡಿದ ಅಮ್ಮ, "ಏನೇ ಇದು, ಮದುವೆ ಮನೆ ಇಟ್ಕೊಂಡಿದ್ದೀಯಾ?" ಅಂದರು. ಎಂಟನೇ ದಿನಕ್ಕೆ ಪಾಲಕ್ ಡಬ್ಬಿಯ ತಳದಲ್ಲಿ ಹಸಿರು ನೀರು ನಿಂತಿತ್ತು. ಬ್ರೆಡ್ಡಿಗೆ ಬೂಷ್ಟು ಹಿಡಿದಿತ್ತು. ಹಾಲು ಹುಳಿಯಾಗಿತ್ತು. ಅರ್ಧ ತಿಂದು ಅರ್ಧ ಎಸೆದರೆ, ಎಷ್ಟು ಅಗ್ಗಕ್ಕೆ ತಂದಿದ್ದರೂ ದುಪ್ಪಟ್ಟು ಕೊಟ್ಟ ಹಾಗೇ, ಅಲ್ವಾ?

ಈಗ ನಾಲ್ಕು ಜನರ ಮನೆ. ಬೆಣ್ಣೆ, ಹಾಲು, ಬಾದಾಮಿ ಎಲ್ಲ ಅಲ್ಲಿಂದಲೇ ಬರುತ್ತೆ. ಬೇಳೆ, ಸಾಂಬಾರ ಪದಾರ್ಥ ಅಲ್ಲಿಂದ ತರುವುದಿಲ್ಲ. ಅಗ್ಗವೋ ಅಲ್ಲವೋ ಅಂತ ನೋಡುವ ಮೊದಲು ನಮ್ಮ ಮನೆಯಲ್ಲಿ ಅದು ಖರ್ಚಾಗುತ್ತೋ ಇಲ್ಲವೋ ಅಂತ ನೋಡುವ ಅಭ್ಯಾಸ ಬಂದಿದೆ. ಹೊಸದಾಗಿ ಬಂದವರು ಕೇಳುತ್ತಲೇ ಇರುತ್ತಾರೆ. ಹಾಗಾಗಿ ಒಂದು ಕಡೆ ಬರೆದಿಟ್ಟೆ.

ಮೊದಲು ಕಾರ್ಡಿನ ಲೆಕ್ಕ

ಇದು ಸುಮ್ನೆ ಒಳಗೆ ನುಗ್ಗುವ ಅಂಗಡಿ ಅಲ್ಲ. ಸದಸ್ಯತ್ವ ಬೇಕು. ಕಾಸ್ಟ್‌ಕೋದ ಸಾಮಾನ್ಯ ಕಾರ್ಡಿಗೆ ವರ್ಷಕ್ಕೆ 65 ಡಾಲರ್, ಎಕ್ಸಿಕ್ಯುಟಿವ್ ಕಾರ್ಡಿಗೆ 130 ಡಾಲರ್. 2024ರ ಸೆಪ್ಟೆಂಬರಿನಲ್ಲಿ ಈ ದರ ಬಂತು. ಅದಕ್ಕೆ ಮೊದಲು 60 ಮತ್ತು 120 ಇತ್ತು. ಒಂದು ಕಾರ್ಡಿನ ಜೊತೆ ಅದೇ ಮನೆಯ ಇನ್ನೊಬ್ಬರಿಗೂ ಕಾರ್ಡು ಸಿಗುತ್ತದೆ. ಹಾಗಾಗಿ ಗಂಡ ಹೆಂಡತಿ ಬೇರೆ ಬೇರೆ ದುಡ್ಡು ಕಟ್ಟಬೇಕಿಲ್ಲ.

ಎಕ್ಸಿಕ್ಯುಟಿವ್ ಕಾರ್ಡಿಗೆ ಖರೀದಿಯ ಮೇಲೆ 2 ಪರ್ಸೆಂಟ್ ವಾಪಸ್ ಬರುತ್ತದೆ. ಹೆಚ್ಚಿಗೆ ಕೊಡುವ 65 ಡಾಲರ್ ಹುಟ್ಟಬೇಕಾದರೆ ವರ್ಷಕ್ಕೆ 3,250 ಡಾಲರ್ ವ್ಯಾಪಾರ ಮಾಡಬೇಕು. ಅಂದರೆ ತಿಂಗಳಿಗೆ ಸುಮಾರು 270. ಮಕ್ಕಳಿರುವ ಮನೆಯಲ್ಲಿ ಇದು ಸಲೀಸಾಗಿ ದಾಟುತ್ತದೆ. ಒಬ್ಬರೇ ಇರುವ ವಿದ್ಯಾರ್ಥಿಗೆ 65ರ ಕಾರ್ಡೂ ಬೇಡ. ಕಾರ್ಡಿರುವ ಗೆಳೆಯರ ಜೊತೆ ಹೋಗಿ, ನಿಮ್ಮ ಪಾಲಿನ ದುಡ್ಡು ಕೊಟ್ಟರೆ ಮುಗಿಯಿತು.

ಕಾರ್ಡಿಗೆ ದುಡ್ಡು ಯಾಕೆ ಅಂತ ಅನೇಕರಿಗೆ ಸಿಟ್ಟು. ಇವರ ವ್ಯಾಪಾರವೇ ಹಾಗೆ. ಸಾಮಾನಿನ ಮೇಲೆ ಇಡುವ ಲಾಭ 14-15 ಪರ್ಸೆಂಟ್ ದಾಟದ ಹಾಗೆ ನೋಡಿಕೊಳ್ಳುತ್ತಾರೆ. ಕಂಪನಿಯ ಲಾಭದ ದೊಡ್ಡ ಪಾಲು ಸದಸ್ಯತ್ವದ ದುಡ್ಡಿನಿಂದಲೇ ಬರುತ್ತದೆ. ಸಾಮಾನುಗಳೂ ಕಮ್ಮಿ. ಒಂದು ಮಳಿಗೆಯಲ್ಲಿ ಸುಮಾರು 4,000 ಬಗೆಯ ವಸ್ತು ಮಾತ್ರ. ಜಾಮ್ ಬೇಕೆಂದರೆ ಹತ್ತು ಕಂಪನಿಯ ಜಾಮ್ ಇರಲ್ಲ, ಒಂದೋ ಎರಡೋ ಇರುತ್ತದೆ. ಸ್ಯಾಮ್ಸ್ ಕ್ಲಬ್, ಪೂರ್ವ ಕರಾವಳಿಯ ಬಿಜೇಸ್ ಕೂಡ ಇದೇ ಜಾತಿಯ ಅಂಗಡಿಗಳು. ನಾನು ಬರೆಯುತ್ತಿರುವುದು ಕಾಸ್ಟ್‌ಕೋ ಬಗ್ಗೆ. ಹೆಚ್ಚಿನದು ಅವಕ್ಕೂ ಹೊಂದುತ್ತದೆ. ಬೆಂಗಳೂರಿನವರಿಗೆ ಇದು ತೀರಾ ಹೊಸದೇನಲ್ಲ. 2003ರಲ್ಲಿ ಯಶವಂತಪುರದಲ್ಲಿ ಮೆಟ್ರೊ ಕ್ಯಾಶ್ ಅಂಡ್ ಕ್ಯಾರಿ ಸಗಟು ಮಳಿಗೆ ತೆರೆದಾಗ ಕಾರ್ಡು ಹಿಡಿದುಕೊಂಡು ಒಳಗೆ ಹೋದವರಿಗೆ ಆ ಎತ್ತರದ ಕಬ್ಬಿಣದ ಕಪಾಟು, ಆ ತಣ್ಣನೆ ಕೋಣೆ ನೆನಪಿರಬಹುದು.

ಹೊರಡುವ ಮುಂಚೆ

ಫ್ರೀಜರ್ ತೆಗೆದು ನೋಡಿ. ಇದು ಚಿಕ್ಕ ವಿಷಯ ಅನ್ನಿಸುತ್ತೆ, ಆದರೆ ನನ್ನ ಅರ್ಧ ತಪ್ಪುಗಳು ಇದನ್ನು ನೋಡದೆ ಹೋದ ದಿನಗಳಲ್ಲೇ ಆದವು. ಒಳಗೆ ಜಾಗ ಇಲ್ಲದಿದ್ದರೆ ಅಲ್ಲಿಂದ ತಂದ 5 ಪೌಂಡ್ ಬಟಾಣಿಯನ್ನು ಎಲ್ಲಿಡುತ್ತೀರಿ? ನಮ್ಮ ಮನೆಯಲ್ಲಿ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇವೆ. ಊರಲ್ಲಿ ತಿಂಗಳ ಸಾಮಾನಿನ ಚೀಟಿ ಬರೆಯುತ್ತಿದ್ದರಲ್ಲ, ಹಾಗೇ. ಒಂದೇ ವ್ಯತ್ಯಾಸ: ಇದರಲ್ಲಿ "ಬೇಕು" ಅನ್ನುವುದರ ಪಕ್ಕದಲ್ಲಿ "ಇದೆ, ತರಬೇಡ" ಅನ್ನುವ ಸಾಲೂ ಇದೆ.

ಹೊಟ್ಟೆ ತುಂಬಿಸಿಕೊಂಡು ಹೋಗಿ. ಶನಿವಾರ, ಭಾನುವಾರದ ಮಧ್ಯಾಹ್ನ ಬಿಟ್ಟು ಬೇರೆ ಯಾವ ಹೊತ್ತಾದರೂ ಪರವಾಗಿಲ್ಲ. ವಾರದ ಮಧ್ಯೆ ಸಂಜೆ ಏಳರ ಮೇಲೆ ಆರಾಮ. ಇನ್ನೊಂದು ವಿಷಯ. ರಜೆಯ ದಿನ ಹೋಗೋಣ ಅಂದುಕೊಂಡು ಹೊರಡಬೇಡಿ. ಹೊಸ ವರ್ಷ, ಈಸ್ಟರ್, ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್, ಈ ಏಳು ದಿನ ಅಮೆರಿಕದ ಕಾಸ್ಟ್‌ಕೋ ಮುಚ್ಚಿರುತ್ತದೆ. ಲೇಬರ್ ಡೇ ದಿನ ಖಾಲಿ ಪಾರ್ಕಿಂಗ್ ನೋಡಿ "ಅಬ್ಬಾ, ಇವತ್ತು ಜನಾನೇ ಇಲ್ಲ" ಅಂತ ಖುಷಿಪಟ್ಟವರಲ್ಲಿ ನಾನೂ ಒಬ್ಬಳು.

ಕೈಯಲ್ಲಿ ಚೀಲ ಇರಲಿ. ಅಲ್ಲಿ ಚೀಲ ಕೊಡುವುದಿಲ್ಲ. ಖಾಲಿ ರಟ್ಟಿನ ಡಬ್ಬ ಸಿಕ್ಕಿದರೆ ಅದೃಷ್ಟ. ಕ್ರೆಡಿಟ್ ಕಾರ್ಡು ವೀಸಾ ಆಗಿರಬೇಕು. ಬೇರೆ ಕ್ರೆಡಿಟ್ ಕಾರ್ಡು ಮಳಿಗೆಯಲ್ಲಿ ನಡೆಯುವುದಿಲ್ಲ, ಡೆಬಿಟ್ ಕಾರ್ಡು ಮತ್ತು ನಗದು ನಡೆಯುತ್ತದೆ.

ಬೆಲೆಚೀಟಿ ಓದುವುದು

ದೊಡ್ಡ ಅಕ್ಷರದ ಬೆಲೆ ನೋಡಿ ಮರುಳಾಗಬೇಡಿ. ಚೀಟಿಯ ಮೂಲೆಯಲ್ಲಿ ಪೌಂಡಿಗೆ ಎಷ್ಟು, ಔನ್ಸಿಗೆ ಎಷ್ಟು ಅಂತ ಸಣ್ಣದಾಗಿ ಬರೆದಿರುತ್ತಾರೆ. ಹೋಲಿಸಬೇಕಾದದ್ದು ಅದನ್ನು. ಕಿಲೋ ಲೆಕ್ಕದಲ್ಲೇ ತಲೆ ಓಡುವ ನಮಗೆ ಒಂದು ಸುಲಭ ದಾರಿ ಇದೆ: ಪೌಂಡಿನ ಬೆಲೆಯನ್ನು 2.2ರಿಂದ ಗುಣಿಸಿದರೆ ಕಿಲೋ ಬೆಲೆ. ಒಂದು ಪೌಂಡ್ ಅಂದರೆ 454 ಗ್ರಾಂ, 16 ಔನ್ಸು. ಗ್ಯಾಲನ್ ಅಂದರೆ ಹತ್ತಿರ ಹತ್ತಿರ 3.8 ಲೀಟರ್. ಎಣ್ಣೆ ಬಾಟಲಿಯ ಔನ್ಸು ಅಳತೆಯದ್ದು, ಬಾದಾಮಿಯ ಔನ್ಸು ತೂಕದ್ದು. ಎರಡಕ್ಕೂ ಒಂದೇ ಹೆಸರು ಇಟ್ಟವರಿಗೆ ನಮಸ್ಕಾರ.

ಬೆಲೆ .97ರಲ್ಲಿ ಮುಗಿದಿದ್ದರೆ ಸಾಮಾನ್ಯವಾಗಿ ಅದು ಆ ಮಳಿಗೆಯವರು ಖಾಲಿ ಮಾಡಲು ಇಳಿಸಿದ ಬೆಲೆ. ಚೀಟಿಯ ಬಲಮೂಲೆಯಲ್ಲಿ ನಕ್ಷತ್ರದ ಗುರುತಿದ್ದರೆ ಆ ಸಾಮಾನು ಮತ್ತೆ ಬರುವುದು ಅನುಮಾನ ಅಂತ ಹಳೇ ಗಿರಾಕಿಗಳ ಲೆಕ್ಕ. ನಿಮಗೆ ತುಂಬ ಇಷ್ಟವಾದ ಬಿಸ್ಕತ್ತಿಗೆ ಆ ನಕ್ಷತ್ರ ಕಂಡರೆ ಎರಡು ಪ್ಯಾಕೆಟ್ ಎತ್ತಿಕೊಳ್ಳಿ.

ಕರ್ಕ್‌ಲ್ಯಾಂಡ್ ಅನ್ನುವ ಹೆಸರು ಎಲ್ಲ ಕಡೆ ಕಾಣುತ್ತದೆ. ಅದು ಕಾಸ್ಟ್‌ಕೋದ ಸ್ವಂತ ಬ್ರ್ಯಾಂಡ್. ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್ ಊರಲ್ಲಿ ಮೊದಲು ಇವರ ಮುಖ್ಯ ಕಚೇರಿ ಇತ್ತು. ಬೆಣ್ಣೆ, ಬಾದಾಮಿ, ಆಲಿವ್ ಎಣ್ಣೆಗೆ ಕಣ್ಣು ಮುಚ್ಚಿಕೊಂಡು ಅದನ್ನೇ ತರುತ್ತೇನೆ.

ಬೆಣ್ಣೆ: ಇದಕ್ಕೋಸ್ಕರವೇ ಹೋಗಬಹುದು

ನನ್ನನ್ನು ಕೇಳಿದರೆ ಕಾರ್ಡಿನ ದುಡ್ಡು ಹುಟ್ಟುವುದು ಬೆಣ್ಣೆಯಲ್ಲೇ. ಒಂದೊಂದು ಪೌಂಡಿನ ನಾಲ್ಕು ಪ್ಯಾಕೆಟ್ ಒಟ್ಟಿಗೆ ಬರುತ್ತದೆ. ಉಪ್ಪು ಹಾಕಿದ್ದು, ಹಾಕದ್ದು ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ತುಪ್ಪಕ್ಕೆ ಬೇಕಾದದ್ದು ಉಪ್ಪಿಲ್ಲದ್ದು. ಅವಸರದಲ್ಲಿ ಉಪ್ಪಿನದ್ದು ಎತ್ತಿಕೊಂಡು ಬಂದರೆ ಬ್ರೆಡ್ಡಿಗೆ ಹಚ್ಚಿ ಹಚ್ಚಿ ಸಾಕಾಗುತ್ತದೆ.

ಅಮೆರಿಕದ ಬೆಣ್ಣೆಯಲ್ಲಿ ಕಾನೂನಿನ ಪ್ರಕಾರ ಕಮ್ಮಿಯೆಂದರೂ 80 ಪರ್ಸೆಂಟ್ ಕೊಬ್ಬು ಇರಬೇಕು. ಮಿಕ್ಕಿದ್ದು ನೀರು, ಸ್ವಲ್ಪ ಹಾಲಿನ ಅಂಶ. ಹಾಗಾಗಿ ಒಂದು ಪೌಂಡ್ ಬೆಣ್ಣೆಗೆ ಗಸಿ ಹೋಗಿ ಸುಮಾರು 340 ಗ್ರಾಂ ತುಪ್ಪ ಬರುತ್ತದೆ. ಅಂಗಡಿಯ ತುಪ್ಪದ ಬಾಟಲಿಯ ಬೆಲೆ ಜೊತೆ ಒಂದ್ಸಲ ನೀವೇ ಲೆಕ್ಕ ಹಾಕಿ ನೋಡಿ.

ನಾನು ಒಂದು ಸಲಕ್ಕೆ ಎರಡು ಪೌಂಡ್ ಕಾಯಿಸುತ್ತೇನೆ. ದಪ್ಪ ತಳದ ಪಾತ್ರೆ, ಮಧ್ಯಮ ಉರಿ. ಮೊದಲು ಬೆಣ್ಣೆ ಕರಗಿ ಮೇಲೆ ಬಿಳಿ ನೊರೆ ಕಟ್ಟುತ್ತದೆ. ಆಮೇಲೆ ಚಟಪಟ ಸದ್ದು ಶುರು. ಅದು ನೀರು ಹೋಗುವ ಸದ್ದು. ಆ ಸದ್ದು ಇರುವವರೆಗೂ ಪಕ್ಕದಲ್ಲಿ ಬೇರೆ ಕೆಲಸ ಮಾಡಬಹುದು. ಸದ್ದು ಕಮ್ಮಿಯಾಯಿತೋ, ಅಲ್ಲೇ ನಿಲ್ಲಬೇಕು. ಉರಿ ಸಣ್ಣ ಮಾಡಿ, ಚಮಚದಿಂದ ನೊರೆ ಸರಿಸಿ ತಳ ನೋಡಿ. ಗಸಿ ಮರಳಿನ ಬಣ್ಣಕ್ಕೆ ಬಂದಿದ್ದರೆ ಒಲೆ ಆರಿಸಿ, ಕೂಡಲೇ ಒಂದು ಎಸಳು ಕರಿಬೇವು, ಎಂಟು ಹತ್ತು ಕಾಳು ಮೆಂತ್ಯ ಹಾಕಿ. ಅಮ್ಮ ವೀಳ್ಯದೆಲೆ ಹಾಕುತ್ತಿದ್ದರು, ಅದು ಇಲ್ಲಿ ಸುಲಭಕ್ಕೆ ಸಿಗಲ್ಲ. ಒಲೆ ಆರಿಸಿದ ಮೇಲೂ ಪಾತ್ರೆಯ ಬಿಸಿಗೆ ಗಸಿ ಕೆಂಪಾಗುತ್ತಲೇ ಇರುತ್ತದೆ. ಹಾಗಾಗಿ ಪೂರ್ತಿ ಕೆಂಪಾಗುವವರೆಗೆ ಕಾಯಬೇಡಿ. ಚಿಮಣಿ ಫ್ಯಾನ್ ಹಾಕಿರಿ, ಇಲ್ಲದಿದ್ದರೆ ಹೊಗೆ ಅಲಾರ್ಮ್ ಇಡೀ ಬಿಲ್ಡಿಂಗಿಗೆ ಸುದ್ದಿ ಮುಟ್ಟಿಸುತ್ತೆ. ಸೋಸಿದ ಮೇಲೆ ಪಾತ್ರೆಯಲ್ಲಿ ಉಳಿದ ಗಸಿಗೆ ಬಿಸಿ ಅನ್ನ, ಚಿಟಿಕೆ ಉಪ್ಪು ಹಾಕಿ ಕಲಸಿದರೆ ಅದಕ್ಕೆ ನಮ್ಮ ಮನೆಯಲ್ಲಿ ಜಗಳ.

ಮಿಕ್ಕ ಎರಡು ಪೌಂಡ್ ಫ್ರೀಜರಿಗೆ. ತಿಂಗಳುಗಟ್ಟಲೆ ಏನೂ ಆಗುವುದಿಲ್ಲ.

ಹಾಲು ಮತ್ತು ಮೊಸರು

ಕಾಸ್ಟ್‌ಕೋದಲ್ಲಿ ಸಾಮಾನ್ಯ ಹಾಲು ಎರಡು ಗ್ಯಾಲನ್ ಜೋಡಿಯಾಗಿ ಬರುತ್ತದೆ. ಅಂದರೆ ಏಳೂವರೆ ಲೀಟರ್. ಮೊಸರು ಹೆಪ್ಪು ಹಾಕುವ ನಾಲ್ಕು ಜನರ ಮನೆಗೆ ಒಂದು ವಾರಕ್ಕೆ ಸರಿಹೋಗುತ್ತೆ. ಇಬ್ಬರೇ ಇದ್ದರೆ ಪಕ್ಕದ ಮನೆಯವರ ಜೊತೆ ಒಂದೊಂದು ಹಂಚಿಕೊಳ್ಳಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದ್ದಾಗ ಧಾರವಾಡದ ಒಬ್ಬ ಅಕ್ಕ ಜೊತೆ ಹೀಗೇ ಪಾಲು ಮಾಡುತ್ತಿದ್ದೆ. ಒಂದು ವಾರ ಅವರು ತರುತ್ತಿದ್ದರು, ಒಂದು ವಾರ ನಾನು. ತಿಂಗಳ ಕೊನೆಗೆ ಲೆಕ್ಕ.

ಆರ್ಗ್ಯಾನಿಕ್ ಹಾಲಿನ ಅರ್ಧ ಗ್ಯಾಲನ್ ಪೆಟ್ಟಿಗೆಗಳ ಮೇಲೆ ಅಲ್ಟ್ರಾ ಪಾಶ್ಚರೈಸ್ಡ್ ಅಂತ ಬರೆದಿರುತ್ತದೆ. ತುಂಬ ಬಿಸಿಗೆ ಕಾಯಿಸಿದ ಹಾಲು ಅದು. ಪೆಟ್ಟಿಗೆ ತೆರೆಯದೆ ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಕಾಫಿಗೆ ಚೆನ್ನ. ಆದರೆ ಅದರಲ್ಲಿ ಪನೀರ್ ಮಾಡಲು ಹೋಗಬೇಡಿ, ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ. ಮೊಸರೂ ಮೆತ್ತಗಾಗುತ್ತದೆ. ಮೊಸರಿಗೆ ಸಾಮಾನ್ಯ ಹೋಲ್ ಮಿಲ್ಕ್ ಸರಿ. ಚಳಿಗಾಲದಲ್ಲಿ ಹೆಪ್ಪು ಕೂರುವುದಿಲ್ಲ ಅನ್ನುವವರು ಓವನ್ನಿನ ದೀಪ ಮಾತ್ರ ಹಾಕಿ ಅದರೊಳಗೆ ಇಡಿ. ಆರೇಳು ತಾಸಿಗೆ ಗಟ್ಟಿ ಮೊಸರು. ಓವನ್ ಗುಂಡಿಯ ಮೇಲೆ "ಒಳಗೆ ಮೊಸರಿದೆ" ಅಂತ ಚೀಟಿ ಅಂಟಿಸುವುದನ್ನು ಮರೆಯಬೇಡಿ. ಯಾಕೆ ಅಂತ ನಮ್ಮ ಮನೆಯವರನ್ನು ಕೇಳಿ. ಪಿಜ್ಜಾ ಬಿಸಿ ಮಾಡಲು ಓವನ್ ಹಚ್ಚಿದವರು ಅವರೇ.

ದೊಡ್ಡ ಡಬ್ಬಿಯ ಗ್ರೀಕ್ ಯೋಗರ್ಟ್ ಮೊಸರನ್ನಕ್ಕೆ ಆಗುವುದಿಲ್ಲ, ಹೇಳಿಬಿಡುತ್ತೇನೆ. ಕೊಬ್ಬಿಲ್ಲದ್ದಂತೂ ಸುಣ್ಣ ಕಲಸಿದ ಹಾಗಿರುತ್ತದೆ. ಶ್ರೀಖಂಡಕ್ಕೆ ಮಾತ್ರ ಅದು ಭಾರಿ ಅನುಕೂಲ. ಬಟ್ಟೆಯಲ್ಲಿ ಕಟ್ಟಿ ನೇತು ಹಾಕುವ ಕೆಲಸವೇ ಇಲ್ಲ.

ಬಾದಾಮಿ, ಗೋಡಂಬಿ, ಶೇಂಗಾ

ಬಾದಾಮಿ, ಆಕ್ರೋಟು 3 ಪೌಂಡಿನ ಚೀಲದಲ್ಲಿ ಸಿಗುತ್ತವೆ. ಎರಡರಲ್ಲೂ ಎಣ್ಣೆ ಜಾಸ್ತಿ. ಹೊರಗಿಟ್ಟರೆ ಎರಡು ಮೂರು ತಿಂಗಳಲ್ಲಿ ಆಕ್ರೋಟು ಕಮಟು ವಾಸನೆ ಬರುತ್ತದೆ. ಮನೆಗೆ ತಂದ ದಿನವೇ ಒಂದು ಡಬ್ಬಿ ಹೊರಗೆ ತುಂಬಿಸಿ, ಮಿಕ್ಕಿದ್ದನ್ನು ಫ್ರೀಜರಿಗೆ ಹಾಕಿ.

ಗೋಡಂಬಿ ತೆಗೆದುಕೊಳ್ಳುವಾಗ ಉಪ್ಪು ಹಾಕಿದೆಯಾ ಅಂತ ಎರಡು ಸಲ ಓದಿ. ಒಂದು ಗೌರಿ ಹಬ್ಬಕ್ಕೆ ಉಪ್ಪಿನ ಗೋಡಂಬಿಯನ್ನೇ ತುಪ್ಪದಲ್ಲಿ ಹುರಿದು ಶಾವಿಗೆ ಪಾಯಸಕ್ಕೆ ಹಾಕಿದ್ದೆ. ನೆಂಟರು ಸುಮ್ಮನೆ ಕುಡಿದರು. ಯಾರೂ ಎರಡನೇ ಲೋಟ ಕೇಳಲಿಲ್ಲ. ಶೇಂಗಾ ಕೂಡ ಹುರಿದು ಉಪ್ಪು ಹಾಕಿದ್ದೇ ಅಲ್ಲಿ ಹೆಚ್ಚು. ಚಿತ್ರಾನ್ನಕ್ಕೆ ಅದು ನಡೆಯುತ್ತದೆ, ಅನ್ನಕ್ಕೆ ಹಾಕುವ ಉಪ್ಪು ಕಮ್ಮಿ ಮಾಡಿ. ಚಟ್ನಿಪುಡಿಗೆ ಹಸಿ ಶೇಂಗಾ ಬೇಕು, ಅದಕ್ಕೆ ಇಂಡಿಯನ್ ಅಂಗಡಿಯೇ ಸರಿ.

ತರಕಾರಿ, ಹಣ್ಣು

ಇಲ್ಲಿ ಕೈ ಹಿಡಿತ ಬೇಕು. ನಾನು ಪ್ರತಿ ಸಲ ತರುವುದು ಬೀನ್ಸ್. ಎರಡು ಪೌಂಡಿನ ಚೀಲ, ತೊಟ್ಟು ತೆಗೆದು ತೊಳೆದದ್ದು. ಊರಲ್ಲಿ ಬೀನ್ಸ್ ಪಲ್ಯದ ಅರ್ಧ ಕೆಲಸ ತೊಟ್ಟು, ನಾರು ತೆಗೆಯುವುದೇ ಅಲ್ವಾ? ಒಂದು ದಿನ ಪಲ್ಯ, ಒಂದು ದಿನ ಹುಳಿ, ಮಿಕ್ಕಿದ್ದು ಬಿಸಿಬೇಳೆ ಬಾತಿಗೆ. ಮುಗಿಯಿತು.

ದಪ್ಪ ಮೆಣಸಿನಕಾಯಿ ಆರರ ಪ್ಯಾಕೆಟ್ಟಿನಲ್ಲಿ ಕೆಂಪು, ಹಳದಿ, ಕೇಸರಿ ಇರುತ್ತವೆ. ಹಸಿರು ಇರಲ್ಲ. ಇವು ಸಿಹಿ, ಹಾಗಾಗಿ ವಾಂಗಿಬಾತ್ ಪುಡಿ ಹಾಕಿದ ಅನ್ನಕ್ಕೆ ಖಾರ ಸ್ವಲ್ಪ ಮುಂದಾಗಲಿ. ಬಾಡುತ್ತಿವೆ ಅನ್ನಿಸಿದರೆ ಹೆಚ್ಚಿ ಫ್ರೀಜರಿಗೆ ಹಾಕಿ. ಬೇಯಿಸುವ ಅಡುಗೆಗೆ ಅಡ್ಡಿಯಿಲ್ಲ. ಪುಟಾಣಿ ಕೋಸಿನ ಹಾಗಿರುವ ಬ್ರಸಲ್ಸ್ ಸ್ಪ್ರೌಟ್ ಅನ್ನು ಹೆದರದೆ ತನ್ನಿ. ನಾಲ್ಕು ಸೀಳಿ, ಸಾಸಿವೆ, ಉದ್ದಿನಬೇಳೆ, ಇಂಗು ಒಗ್ಗರಣೆ ಕೊಟ್ಟು ಸ್ವಲ್ಪ ಸೀದ ಹಾಗೆ ಹುರಿದು, ಮೇಲೆ ಕಾಯಿತುರಿ ಉದುರಿಸಿದರೆ ಎಲೆಕೋಸಿನ ಪಲ್ಯದ ಅಣ್ಣ.

ಪಾಲಕ್ ಡಬ್ಬಿ ತರಲೇಬೇಕು ಅಂದರೆ ಅದೇ ಸಂಜೆ ಅರ್ಧ ಭಾಗ ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ, ಹಿಂಡಿ, ಉಂಡೆ ಮಾಡಿ ಫ್ರೀಜ್ ಮಾಡಿ. ಒಂದು ಉಂಡೆ ಅಂದರೆ ಒಂದು ದಿನದ ಸೊಪ್ಪಿನ ಹುಳಿ. ಉಳಿದ ಅರ್ಧದ ಮೇಲೆ ಒಂದು ಒಣ ಪೇಪರ್ ಟವೆಲ್ ಹಾಸಿ ಮುಚ್ಚಿಟ್ಟರೆ ಇನ್ನೆರಡು ದಿನ ಜಾಸ್ತಿ ಬಾಳುತ್ತದೆ.

ಬೆಣ್ಣೆಹಣ್ಣು ಚೀಲಕ್ಕೆ ಐದಾರು ಇರುತ್ತವೆ. ಕೊಡಗಿನವರಿಗೆ, ಬೆಂಗಳೂರಿನ ಜ್ಯೂಸ್ ಅಂಗಡಿಯ ಬಟರ್ ಫ್ರೂಟ್ ಕುಡಿದು ಬೆಳೆದವರಿಗೆ ಇದರ ಪರಿಚಯ ಬೇಕಿಲ್ಲ. ಕಲ್ಲಿನಂತೆ ಗಟ್ಟಿ ಇರುವುದನ್ನೇ ಆರಿಸಿ. ಎರಡನ್ನು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಇಟ್ಟು ಹಣ್ಣು ಮಾಡಿ, ಮೆತ್ತಗಾದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಮಿಕ್ಕಿದ್ದು ಸರದಿಯ ಮೇಲೆ. ಜಾಸ್ತಿ ಹಣ್ಣಾಗಿಬಿಟ್ಟರೆ ಚಪಾತಿ ಹಿಟ್ಟಿಗೆ ಹಾಕಿ ಕಲಸಿ. ಎಣ್ಣೆ ಬೇಡ, ಚಪಾತಿ ಮೆತ್ತಗೆ.

ಮಾವಿನಹಣ್ಣಿನ ಬಗ್ಗೆ ನಿರೀಕ್ಷೆ ಇಳಿಸಿಕೊಳ್ಳಿ. ಭಾರತದ ಮಾವಿಗೆ 2007ರಲ್ಲಿ ಅಮೆರಿಕ ಬಾಗಿಲು ತೆರೆಯಿತು, ಆದರೆ ವಿಕಿರಣ ಹಾಯಿಸಿ ವಿಮಾನದಲ್ಲಿ ತರುವ ಆ ಪೆಟ್ಟಿಗೆಯ ಬೆಲೆ ನೋಡಿದರೆ ಹಸಿವೇ ಹೋಗುತ್ತದೆ. ಕಾಸ್ಟ್‌ಕೋದಲ್ಲಿ ಬೇಸಿಗೆಗೆ ಬರುವುದು ಹೆಚ್ಚಾಗಿ ಮೆಕ್ಸಿಕೋದ್ದು. ಅದರಲ್ಲಿ ಹಳದಿ ಬಣ್ಣದ, ಚಪ್ಪಟೆ ಓಟೆಯ ಅಟಾಲ್ಫೊ ಸಿಕ್ಕಿದರೆ ತನ್ನಿ. ಸಿಪ್ಪೆ ಸುಕ್ಕುಗಟ್ಟುವವರೆಗೆ ಕಾಯಬೇಕು. ನಾರಿಲ್ಲ, ಸೀಕರಣೆಗೆ ಒಗ್ಗುತ್ತದೆ. ರಸಪೂರಿ ಅಲ್ಲ. ಅಷ್ಟೇ.

ಅಕ್ಕಿ, ಗೋಧಿಹಿಟ್ಟು

ಬಾಸ್ಮತಿಯ 20 ಪೌಂಡ್ ಚೀಲ ಬಹಳಷ್ಟು ಮಳಿಗೆಗಳಲ್ಲಿ ಸಿಗುತ್ತದೆ. ನಮ್ಮವರು ಜಾಸ್ತಿ ಇರುವ ಊರುಗಳಲ್ಲಿ ಸೋನಾ ಮಸೂರಿ, ಗೋಧಿಹಿಟ್ಟೂ ಬರುವುದುಂಟು, ಆದರೆ ಇವತ್ತು ಇದ್ದದ್ದು ಮುಂದಿನ ತಿಂಗಳು ಇರುತ್ತೆ ಅನ್ನುವ ಹಾಗಿಲ್ಲ. 2023ರ ಜುಲೈನಲ್ಲಿ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಇಲ್ಲಿನ ಅಂಗಡಿಗಳಲ್ಲಿ ಜನ ಐದೈದು ಚೀಲ ಹೊತ್ತುಕೊಂಡು ಹೋದರು. 2024ರ ಸೆಪ್ಟೆಂಬರಿನಲ್ಲಿ ನಿಷೇಧ ತೆಗೆದರು. ಅಷ್ಟರಲ್ಲಿ ಎಷ್ಟೋ ಮನೆಗಳ ಕ್ಲಾಸೆಟ್ಟಿನಲ್ಲಿ ಅಕ್ಕಿಗೆ ಹುಳ ಬಿದ್ದಿತ್ತು. ದೊಡ್ಡ ಚೀಲ ತಂದರೆ ಸಣ್ಣ ಸಣ್ಣ ಪಾಲು ಮಾಡಿ, ಒಂದೊಂದನ್ನೂ ನಾಲ್ಕು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿಸಿ. ಹುಳದ ಮೊಟ್ಟೆ ಸಾಯುತ್ತದೆ.

ತೊಗರಿಬೇಳೆ, ಉದ್ದಿನಬೇಳೆ, ರಾಗಿಹಿಟ್ಟು, ಅವಲಕ್ಕಿ, ಧನಿಯ, ಒಣಮೆಣಸಿನಕಾಯಿ ಇವಕ್ಕೆ ಕಾಸ್ಟ್‌ಕೋದಲ್ಲಿ ಸುತ್ತಬೇಡಿ. 1974ರಲ್ಲಿ ಶಿಕಾಗೊದ ಡೆವನ್ ಅವೆನ್ಯೂದಲ್ಲಿ ಶುರುವಾದ ಪಟೇಲ್ ಬ್ರದರ್ಸ್ ಅಂಥ ಅಂಗಡಿಗಳು ಇರುವುದೇ ಅದಕ್ಕೆ. ಕಾಫಿಯ ವಿಷಯದಲ್ಲೂ ಹಾಗೇ. ಕಾಸ್ಟ್‌ಕೋದ ಕಾಫಿ ಬೀಜ ಚೆನ್ನಾಗಿರುತ್ತದೆ. ಆದರೆ ಚಿಕೋರಿ ಇಲ್ಲದ ಡಿಕಾಕ್ಷನ್ ನನ್ನ ನಾಲಿಗೆಗೆ ತೆಳು.

ಸಸ್ಯಾಹಾರಿಗಳು ಓದಬೇಕಾದ ಸಾಲು

ಅಮೆರಿಕದಲ್ಲಿ ಪ್ಯಾಕೆಟ್ ಆಹಾರದ ಮೇಲೆ ಮುಖ್ಯ ಅಲರ್ಜಿ ಪದಾರ್ಥಗಳನ್ನು ಬರೆಯಲೇಬೇಕು ಅಂತ ಕಾನೂನಿದೆ. ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಬಾದಾಮಿ ಗೋಡಂಬಿ ಜಾತಿ, ಶೇಂಗಾ, ಗೋಧಿ, ಸೋಯಾ ಎಂಟು. 2023ರಿಂದ ಎಳ್ಳು ಸೇರಿ ಒಂಬತ್ತು. ಪದಾರ್ಥಗಳ ಪಟ್ಟಿಯ ಕೆಳಗೆ "ಕಂಟೇನ್ಸ್" ಅಂತ ದಪ್ಪ ಅಕ್ಷರದ ಸಾಲು ಇದ್ದರೆ, ಅದನ್ನು ನೋಡಿ ಮೊಟ್ಟೆ ಇದೆಯೋ ಇಲ್ಲವೋ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಮಫಿನ್, ಕೇಕುಗಳಲ್ಲಿ ಮೊಟ್ಟೆ ಇದ್ದೇ ಇರುತ್ತದೆ.

ಆದರೆ ಆ ಸಾಲು ಎಲ್ಲವನ್ನೂ ಹೇಳುವುದಿಲ್ಲ. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್, ಹಂದಿಕೊಬ್ಬು, ಕೋಳಿಯ ಸಾರು ಅಲರ್ಜಿ ಪಟ್ಟಿಯಲ್ಲಿ ಇಲ್ಲ. ಅವುಗಳಿಗೆ ಮೇಲಿನ ಸಣ್ಣಕ್ಷರದ ಪಟ್ಟಿಯನ್ನೇ ಓದಬೇಕು. ಸೂಪು, ಬೇಯಿಸಿದ ಬೀನ್ಸ್ ಕಾಳಿನ ಡಬ್ಬಿ, ಮಾರ್ಷ್‌ಮೆಲೊ, ಕೆಲವು ಯೋಗರ್ಟುಗಳಲ್ಲಿ ಇವು ಅಡಗಿರುತ್ತವೆ. ಚೀಸಿನಲ್ಲಿ ರೆನೆಟ್ ನೋಡಿ, ಅಂದರೆ ಹಾಲು ಹೆಪ್ಪುಗಟ್ಟಿಸಲು ಹಾಕುವ ಪದಾರ್ಥ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊವನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಮಾಡಬೇಕು ಅನ್ನುವುದು ಅಲ್ಲಿನ ನಿಯಮ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಪಾಸ್ತಾ ಮೇಲೆ ಉದುರಿಸಿಕೊಂಡ ಮಡಿವಂತರು ಎಷ್ಟೋ ಜನ.

ಬಾಗಿಲ ಹತ್ತಿರದ ಫುಡ್ ಕೋರ್ಟಿನ ಒಂದೂವರೆ ಡಾಲರ್ ಹಾಟ್ ಡಾಗ್ ಹೆಸರುವಾಸಿ. 1980ರ ದಶಕದಿಂದ ಅದೇ ಬೆಲೆ, ಜೊತೆಗೆ ಸೋಡಾ. ಅದು ಪೂರ್ತಿ ದನದ ಮಾಂಸದ್ದು, ತಿನ್ನದವರಿಗೆ ತಿಳಿದಿರಲಿ. ಮಕ್ಕಳಿಗೆ ಚೀಸ್ ಪಿಜ್ಜಾ ತುಂಡು ಕೊಡಿಸಿ.

ಮಾಂಸಾಹಾರಿಗಳಿಗೆ ಎರಡು ಮಾತು

ಸುಟ್ಟ ಇಡೀ ಕೋಳಿ 4.99 ಡಾಲರ್. ಹಸಿ ಕೋಳಿಗಿಂತ ಬೆಂದದ್ದೇ ಅಗ್ಗ ಅನ್ನುವ ವಿಚಿತ್ರ. ಅದನ್ನು ಮಳಿಗೆಯ ಹಿಂದಿನ ಮೂಲೆಯಲ್ಲಿ ಇಟ್ಟಿರುತ್ತಾರೆ, ಅಲ್ಲಿಗೆ ಹೋಗುವಷ್ಟರಲ್ಲಿ ಗಾಡಿ ತುಂಬಿರುತ್ತದೆ. ಮಾಂಸ ಬಿಡಿಸಿ, ಕಾಯಿತುರಿ, ಕರಿಮೆಣಸು ಹಾಕಿ ಸುಕ್ಕ ಮಾಡಿ. ಉಪ್ಪು ಮೊದಲೇ ಇದೆ, ರುಚಿ ನೋಡಿಕೊಂಡು ಹಾಕಿ. ಮೂಳೆಗಳನ್ನು ಕುಕ್ಕರಿನಲ್ಲಿ ನಾಲ್ಕು ಸಲ ಕೂಗಿಸಿದರೆ ನೆಗಡಿಗೆ ಮೆಣಸಿನ ಸಾರು.

ಸಿಗಡಿ ಚೀಲದ ಮೇಲೆ 21-25, 31-40 ಅಂತ ಅಂಕಿ ಇರುತ್ತದೆ. ಒಂದು ಪೌಂಡಿಗೆ ಅಷ್ಟು ಸಿಗಡಿ ಅಂತ ಅರ್ಥ. ಅಂಕಿ ಚಿಕ್ಕದಾದರೆ ಸಿಗಡಿ ದೊಡ್ಡದು. ಮಂಗಳೂರು ಕಡೆಯ ಸಿಗಡಿ ಗಸಿಗೆ (ಕಾಯಿ ಮಸಾಲೆಯ ಸಾರು) ನಾನು 31-40 ತರುತ್ತೇನೆ, ಮಸಾಲೆ ಚೆನ್ನಾಗಿ ಹಿಡಿಯುತ್ತದೆ. ಇಡೀ ಕುರಿ, ದೊಡ್ಡ ಪ್ರಮಾಣದ ಮಾಂಸ, 50 ಪೌಂಡ್ ಈರುಳ್ಳಿ ಮೂಟೆ ಬೇಕಾದವರು ಕಾಸ್ಟ್‌ಕೋ ಬಿಸಿನೆಸ್ ಸೆಂಟರ್ ಹುಡುಕಿ. ಸಾಮಾನ್ಯ ಕಾರ್ಡೇ ಸಾಕು. ಕನ್ನಡ ಕೂಟದ ಯುಗಾದಿ ಊಟಕ್ಕೆ ಇನ್ನೂರು ಜನರಿಗೆ ಅಡುಗೆ ಅಂದರೆ ನಮ್ಮ ಊರಿನವರು ಹೋಗುವುದು ಅಲ್ಲಿಗೇ.

ಮನೆಗೆ ಬಂದ ಮೇಲಿನ ಒಂದು ಗಂಟೆ

ಚಪ್ಪಲಿ ಬಿಟ್ಟು ಸೋಫಾ ಮೇಲೆ ಬಿದ್ದರೆ ಕೆಟ್ಟಿರಿ. ಮೊದಲು ತಣ್ಣನೆಯದು ಒಳಗೆ: ಫ್ರಿಜ್ 40 ಡಿಗ್ರಿ ಫ್ಯಾರನ್‌ಹೀಟ್ ಒಳಗೆ, ಫ್ರೀಜರ್ ಸೊನ್ನೆಯಲ್ಲಿ ಇದೆಯಾ ನೋಡಿ. ಮೊಟ್ಟೆಯೂ ಫ್ರಿಜ್ಜಿಗೇ. ಇಲ್ಲಿ ಮೊಟ್ಟೆ ತೊಳೆದು ಮಾರುವುದರಿಂದ ಊರಿನ ಹಾಗೆ ಹೊರಗೆ ಬುಟ್ಟಿಯಲ್ಲಿ ಇಡುವಂತಿಲ್ಲ.

ಆಮೇಲೆ ಪಾಲು ಮಾಡುವ ಕೆಲಸ. ಸಿಪ್ಪೆ ಸುಲಿದ ಬೆಳ್ಳುಳ್ಳಿ 3 ಪೌಂಡಿನ ಚೀಲದಲ್ಲಿ ಸಿಗುತ್ತದೆ. ತಂದ ದಿನವೇ ಶುಂಠಿ ಜೊತೆ ರುಬ್ಬಿ, ಐಸ್ ಟ್ರೇಗೆ ತುಂಬಿ ಗಟ್ಟಿ ಮಾಡಿ, ಬಿಲ್ಲೆಗಳನ್ನು ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಮಾತ್ರ ಇಡಬೇಡಿ. ಬಾಟುಲಿಸಂ ಅನ್ನುವ ಕಾಯಿಲೆ ತರುವ ಕೆಟ್ಟ ವಿಷ ಗಾಳಿಯಿಲ್ಲದ ಅಂಥ ಜಾಗದಲ್ಲೇ ಹುಟ್ಟುವುದು. ವಾಸನೆಯಿಂದ ಗೊತ್ತೂ ಆಗುವುದಿಲ್ಲ. ಎಲ್ಲ ಚೀಲದ ಮೇಲೂ ತಾರೀಖು ಬರೆಯಿರಿ. ಮಂಜು ಹಿಡಿದ ಮೇಲೆ ಕಾಯಿತುರಿ ಯಾವುದು, ಇಡ್ಲಿ ಹಿಟ್ಟು ಯಾವುದು ಅಂತ ದೇವರಿಗೇ ಗೊತ್ತು.

ತಂದದ್ದು ಕೆಟ್ಟಿದ್ದರೆ, ರುಚಿ ಹಿಡಿಸದಿದ್ದರೆ ಬಿಲ್ಲು ಇಲ್ಲದಿದ್ದರೂ ಕಾರ್ಡಿನ ದಾಖಲೆ ನೋಡಿ ವಾಪಸ್ ತೆಗೆದುಕೊಳ್ಳುತ್ತಾರೆ. ಅರ್ಧ ತಿಂದು ವಾಪಸ್ ಕೊಡುವವರೂ ಇದ್ದಾರೆ. ನನಗಂತೂ ಮುಖ ಬರುವುದಿಲ್ಲ.

ಊರಿಗೆ ಹೋಗುವಾಗ

ಊರಿಗೆ ಹೊರಡುವ ವಾರ ನಮ್ಮವರ ಗಾಡಿಗಳನ್ನು ದೂರದಿಂದಲೇ ಗುರುತಿಸಬಹುದು. ಬಾದಾಮಿ, ಪಿಸ್ತಾ, ಚಾಕೊಲೇಟು. ಬೆಂಗಳೂರಿನ ಅಂಗಡಿಯಲ್ಲಿ ಮಾರುವುದೂ ಹೆಚ್ಚಾಗಿ ಕ್ಯಾಲಿಫೋರ್ನಿಯಾ ಬಾದಾಮಿಯೇ ಅಂತ ಎಷ್ಟು ಹೇಳಿದರೂ "ಅಮೆರಿಕದಿಂದ ತಂದಿದ್ದು" ಅನ್ನುವ ರುಚಿಯೇ ಬೇರೆಯಂತೆ. ಸರಿ, ಒಯ್ಯಿರಿ. ಮಂಗಳೂರು ಕಡೆಯವರಿಗೆ ಗೋಡಂಬಿ ಮಾತ್ರ ಬೇಡ, ನಗುತ್ತಾರೆ. 3 ಪೌಂಡಿನ ಒಂದು ಚೀಲ 1.36 ಕಿಲೋ, ಐದು ಚೀಲಕ್ಕೆ ಹತ್ತಿರ ಏಳು ಕಿಲೋ. ವಿಮಾನದವರು ಬಿಡುವ 23 ಕಿಲೋ, ಅಂದರೆ 50 ಪೌಂಡಿನ ಪೆಟ್ಟಿಗೆಯಲ್ಲಿ ಅದು ಮೂರನೇ ಒಂದು ಭಾಗದ ಹತ್ತಿರ. ಚಾಕೊಲೇಟ್ ಪೆಟ್ಟಿಗೆಯ ಮಧ್ಯದಲ್ಲಿ ಬಟ್ಟೆ ಸುತ್ತಿ ಇರಲಿ, ಬಾದಾಮಿ ಮೂಲೆಗಳಲ್ಲಿ.

ಹೊರಡುವ ರಾತ್ರಿ ತಕ್ಕಡಿ 51 ಪೌಂಡ್ ತೋರಿಸಿದರೆ ನಮ್ಮ ಮನೆಯಲ್ಲಿ ಮೊದಲು ಹೊರಗೆ ಬರುವುದು ಬಾದಾಮಿಯೇ. ಚಾಕೊಲೇಟ್ ಕಮ್ಮಿಯಾದರೆ ತಂಗಿಯ ಮಕ್ಕಳು ಎಣಿಸಿ ಕೇಳುತ್ತಾರೆ.